ಕ್ರೊಯೇಷಿಯಾದಲ್ಲಿ ಎಲ್ಲಿ ಬೀಡುಬಿಡಬೇಕು? ಬೆಟ್ಟ, ಗಾಳಿ, ಗಡಿ ನೋಡಿ ಆರಿಸಿ

ಕ್ರೊಯೇಷಿಯಾಕ್ಕೆ ಹೊರಡುವವರು ಸಾಮಾನ್ಯವಾಗಿ ಫೋಟೊ ನೋಡಿ ಊರು ಆರಿಸುತ್ತಾರೆ. ದುಬ್ರೋವ್ನಿಕ್ ಕೋಟೆ, ಹ್ವಾರ್ ದ್ವೀಪದ ನೀಲಿ ನೀರು, ಪ್ಲಿಟ್ವಿತ್ಸೆ ಸರೋವರಗಳು. ಮೂರನ್ನೂ ಐದು ದಿನದಲ್ಲಿ ಮುಗಿಸುವ ಲೆಕ್ಕ ಹಾಕಿಕೊಂಡು ಹೋದರೆ ಅರ್ಧ ಸಮಯ ಬಸ್ಸಿನಲ್ಲಿ, ಇನ್ನರ್ಧ ಫೆರ್ರಿ ಕಾಯುವ ಸಾಲಿನಲ್ಲಿ ಹೋಗುತ್ತದೆ. ದೇಶವೇನೋ ಚಿಕ್ಕದು: 56,594 ಚದರ ಕಿ.ಮೀ., ಕರ್ನಾಟಕದ ಮೂರರಲ್ಲೊಂದು ಪಾಲೂ ಇಲ್ಲ. ತೊಂದರೆ ಇರುವುದು ಆಕಾರದಲ್ಲಿ. ಒಂದು ತೋಳು ಪೂರ್ವಕ್ಕೆ ಡ್ಯಾನ್ಯೂಬ್ ನದಿಯವರೆಗೆ ಚಾಚಿದೆ, ಇನ್ನೊಂದು ಆಗ್ನೇಯಕ್ಕೆ ಏಡ್ರಿಯಾಟಿಕ್ ಸಮುದ್ರದಂಚಿನಲ್ಲೇ ಇಳಿದಿದೆ, ಎರಡರ ನಡುವಿನ ಹೊಟ್ಟೆಯಲ್ಲಿ ಬೋಸ್ನಿಯಾ ಕೂತಿದೆ. ಹಾಗಾಗಿ ನಕ್ಷೆಯಲ್ಲಿ ಹತ್ತಿರ ಕಂಡ ಎರಡು ಊರುಗಳ ನಡುವೆ ಬೇರೆ ದೇಶವೇ ಅಡ್ಡ ಬರಬಹುದು, ಅಥವಾ ಸಾವಿರದ ಏಳುನೂರು ಮೀಟರಿನ ಬೆಟ್ಟ ಅಡ್ಡ ಬರಬಹುದು.

ಆದ್ದರಿಂದ ಮೊದಲು ಮೂರು ವಿಷಯ ತಿಳಿದುಕೊಳ್ಳಿ: ಬೆಟ್ಟದ ಗೋಡೆ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನಿಮ್ಮ ವೀಸಾ ಯಾವ ಗಡಿಯವರೆಗೆ ಬಿಡುತ್ತದೆ. ಊರಿನ ಆಯ್ಕೆ ಆಮೇಲಿನದು.

ನೆಲದ ಹಂದರ

ಕರಾವಳಿ, ಘಟ್ಟ, ಬಯಲುಸೀಮೆ ಎಂದು ನಾಡನ್ನು ಮೂರು ಪಟ್ಟಿಯಾಗಿ ಓದಿ ರೂಢಿಯಿರುವ ನಮಗೆ ಕ್ರೊಯೇಷಿಯಾ ಬೇಗ ಅರ್ಥವಾಗುತ್ತದೆ. ಕಡಲಂಚು ಕಿರಿದು. ಅದರ ಬೆನ್ನಿಗೇ ದಿನಾರಿಕ್ ಪರ್ವತಸಾಲು. ಆಚೆಗೆ ಸಾವಾ, ದ್ರಾವಾ ನದಿಗಳ ಬಯಲು. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಅಲ್ಲಿನ ಬೆಟ್ಟ ಸುಣ್ಣಕಲ್ಲಿನದು, ಬಿದ್ದ ಮಳೆ ಮೇಲೆ ಹರಿಯದೆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಭೂಗೋಳದವರು ಇದನ್ನು ಕಾರ್ಸ್ಟ್ ಎನ್ನುತ್ತಾರೆ. ಉತ್ತರದ ಗೊರ್ಸ್ಕಿ ಕೋತಾರ್ ಬೆಟ್ಟಗಳಲ್ಲಿ ಕೆಲವೆಡೆ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿದರೂ ಕೆಳಗಿನ ಬಹುತೇಕ ದ್ವೀಪಗಳಲ್ಲಿ ಹೊಳೆಯೆಂಬುದೇ ಇಲ್ಲ. ನೆಲದೊಳಗೆ ಇಳಿದ ನೀರು ಕಡಲಂಚಿನಲ್ಲಿ, ಎಷ್ಟೋ ಕಡೆ ಸಮುದ್ರದ ತಳದಲ್ಲೇ, ಸಿಹಿನೀರಿನ ಬುಗ್ಗೆಯಾಗಿ ಏಳುತ್ತದೆ. ವೆಲೆಬಿಟ್ ಮತ್ತು ಬಿಯೊಕೊವೊ ಬೆಟ್ಟಗಳ ಬುಡದಲ್ಲಿ ಈಜುವಾಗ ಬೆಚ್ಚಗಿನ ನೀರಿನ ಮಧ್ಯೆ ಇದ್ದಕ್ಕಿದ್ದಂತೆ ಐಸಿನಂಥ ನೀರು ಕಾಲಿಗೆ ತಗುಲಿದರೆ ಗಾಬರಿ ಬೇಡ, ಅದೇ ಈ ಬುಗ್ಗೆ. ಅಲ್ಲಿನವರು ಅದನ್ನು ವ್ರೂಲ್ಯಾ ಎನ್ನುತ್ತಾರೆ.

ಹಿಮಯುಗ ಮುಗಿದು ಸಮುದ್ರ ನೂರು ಮೀಟರಿಗೂ ಹೆಚ್ಚು ಏರಿದಾಗ, ಕರಾವಳಿಗೆ ಸಮಾನಾಂತರವಾಗಿದ್ದ ಕಣಿವೆಗಳು ಮುಳುಗಿದವು, ಏಣುಗಳು ಮಾತ್ರ ಉಳಿದವು. ಆ ಏಣುಗಳೇ ಇಂದಿನ 1,200ಕ್ಕೂ ಹೆಚ್ಚು ದ್ವೀಪಗಳು, ನಡುಗಡ್ಡೆಗಳು, ಬಂಡೆಗಳು. ಜನವಸತಿ ಇರುವುದು ಐವತ್ತರ ಆಸುಪಾಸಿನಲ್ಲಿ. ಮುಖ್ಯಭೂಮಿಯ ಕಡಲತೀರ ಸುಮಾರು 1,800 ಕಿ.ಮೀ. ಇದ್ದರೆ ದ್ವೀಪಗಳದ್ದೇ 4,000 ಕಿ.ಮೀ. ದಾಟುತ್ತದೆ. ಜಗತ್ತಿನ ಭೂಗೋಳ ಪಠ್ಯಗಳಲ್ಲಿ ಈ ಬಗೆಯ ತೀರಕ್ಕೆ ಇಲ್ಲಿನ ದಕ್ಷಿಣ ಕರಾವಳಿಯಾದ ದಾಲ್ಮೇಷಿಯಾದ ಹೆಸರೇ ನಿಂತಿದೆ.

ಇದರಿಂದ ಪ್ರವಾಸಿಗೆ ಆಗುವ ಪರಿಣಾಮ ಎರಡು. ಒಂದು, ಮರಳಿನ ಬೀಚು ಅಪರೂಪ. ರಾಬ್ ದ್ವೀಪದ ಲೋಪರ್, ಜಾದರ್ ಹತ್ತಿರದ ನಿನ್, ದುಗಿ ಒತೊಕ್ ದ್ವೀಪದ ಸಾಕಾರುನ್, ಮ್ಲ್ಯೆತ್ ದ್ವೀಪದ ಸಾಪ್ಲುನಾರಾ ಬಿಟ್ಟರೆ ಬಹುತೇಕ ಕಡೆ ಹರಳುಗಲ್ಲು, ಬಂಡೆ, ಇಲ್ಲವೇ ಕಾಂಕ್ರೀಟು ಕಟ್ಟೆ. ಬಂಡೆಯ ಸಂದಿನಲ್ಲಿ ಕಡಲಮುಳ್ಳು ಎಂಬ ಮುಳ್ಳುಮೈಯ ಜೀವಿಗಳು ಕೂತಿರುತ್ತವೆ, ಅವುಗಳ ಮುಳ್ಳು ಪಾದದಲ್ಲಿ ಮುರಿದು ಉಳಿದರೆ ಪ್ರವಾಸ ಅಲ್ಲಿಗೇ ಕುಂಟುತ್ತದೆ. ರಬ್ಬರ್ ಅಡಿಯ ನೀರಿನ ಬೂಟು ಕೊಳ್ಳದೆ ನೀರಿಗಿಳಿಯಬೇಡಿ. ಎರಡು, ದ್ವೀಪದ ಈ ಬದಿಯಿಂದ ಆ ಬದಿಗೆ ಹೋಗಬೇಕೆಂದರೆ ಏಣು ಹತ್ತಿ ಇಳಿಯಲೇಬೇಕು. ಬ್ರಾಚ್ ದ್ವೀಪದಲ್ಲಿ ಫೆರ್ರಿ ಇಳಿಯುವ ಸುಪೆತಾರ್ ಉತ್ತರದಲ್ಲಿ, ಹೆಸರಾಂತ ಬೊಲ್ ಬೀಚು ದಕ್ಷಿಣದಲ್ಲಿ, ನಡುವೆ 780 ಮೀಟರಿನ ವಿದೊವಾ ಗೋರಾ, ಏಡ್ರಿಯಾಟಿಕ್ ದ್ವೀಪಗಳಲ್ಲೇ ಎತ್ತರದ ಶಿಖರ. ಫೆರ್ರಿಯಲ್ಲಿ 50 ನಿಮಿಷ ಎಂದು ಖುಷಿಪಟ್ಟವರಿಗೆ ಬಸ್ಸಿನ ಒಂದು ಗಂಟೆ ಲೆಕ್ಕದಲ್ಲೇ ಇರುವುದಿಲ್ಲ.

ಗಡಿಗಳು: ಎಲ್ಲಿ ಗೇಟಿಲ್ಲ, ಎಲ್ಲಿ ಸಾಲಿದೆ

ಕ್ರೊಯೇಷಿಯಾ 2013ರ ಜುಲೈ 1ರಂದು ಯುರೋಪಿಯನ್ ಒಕ್ಕೂಟ ಸೇರಿತು. 2023ರ ಜನವರಿ 1ರಂದು ಒಂದೇ ದಿನ ಶೆಂಗೆನ್ ವಲಯಕ್ಕೂ (ಒಂದೇ ವೀಸಾದಲ್ಲಿ ಒಳಗೆ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಯೂರೊ ಕರೆನ್ಸಿಗೂ ಸೇರಿತು. ಹಳೆಯ ಪ್ರವಾಸ ಲೇಖನಗಳಲ್ಲಿ ಹಿಂದಿನ ಕರೆನ್ಸಿಯಾದ ಕುನಾದಲ್ಲಿ ಬೆಲೆ, ಪ್ರತ್ಯೇಕ ಕ್ರೊಯೇಷಿಯಾ ವೀಸಾ ಅಂತೆಲ್ಲ ಕಂಡರೆ ಆ ಪುಟ ಮುಚ್ಚಿಬಿಡಿ.

ನೆಲದ ಮೇಲೆ ಐದು ನೆರೆಹೊರೆ. ಸ್ಲೊವೇನಿಯಾ ಜತೆ ಸುಮಾರು 670 ಕಿ.ಮೀ., ಹಂಗೇರಿ ಜತೆ ಬಹುಪಾಲು ದ್ರಾವಾ ಮತ್ತು ಮುರಾ ನದಿಗುಂಟ. ಇವೆರಡೂ ಶೆಂಗೆನ್ ಒಳಗಿವೆ. ಸರ್ಬಿಯಾ, ಬೋಸ್ನಿಯಾ-ಹರ್ಜೆಗೊವಿನಾ, ಮಾಂಟೆನೆಗ್ರೊ ಹೊರಗಿವೆ. ಬೋಸ್ನಿಯಾ ಗಡಿಯೊಂದೇ 900 ಕಿ.ಮೀ. ಮೀರುತ್ತದೆ, ಮಾಂಟೆನೆಗ್ರೊದ್ದು ಇಪ್ಪತ್ತು ಚಿಲ್ಲರೆ ಅಷ್ಟೇ. ಆದರೆ ಬೇಸಿಗೆಯಲ್ಲಿ ಜನ ಹೆಚ್ಚು ಹೊತ್ತು ಕಾಯುವುದು ಆ ಚಿಲ್ಲರೆಯಲ್ಲೇ.

ಸ್ಲೊವೇನಿಯಾ ಕಡೆ ಗೇಟಿಲ್ಲ ಎಂದು ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ. 2023ರ ಅಕ್ಟೋಬರ್‌ನಲ್ಲಿ ಸ್ಲೊವೇನಿಯಾ ತಾತ್ಕಾಲಿಕವೆಂದು ತಪಾಸಣೆ ಮತ್ತೆ ಶುರುಮಾಡಿತು, ಆಮೇಲೆ ಅದನ್ನು ಪದೇಪದೇ ವಿಸ್ತರಿಸುತ್ತ ಬಂದಿದೆ. ಎಲ್ಲರನ್ನೂ ನಿಲ್ಲಿಸುವುದಿಲ್ಲ, ನಿಲ್ಲಿಸಿದಾಗ ಕಾಗದ ಕೈಯಲ್ಲಿರಬೇಕು.

ಇನ್ನು ಭಾರತೀಯ ಪಾಸ್‌ಪೋರ್ಟಿನ ಲೆಕ್ಕ. ಶೆಂಗೆನ್ ವೀಸಾದಲ್ಲಿ "ಪ್ರವೇಶಗಳ ಸಂಖ್ಯೆ" ಎಂಬ ಅಂಕಣ ಇರುತ್ತದೆ. ಅಲ್ಲಿ 1 ಎಂದಿದ್ದರೆ, ಬೋಸ್ನಿಯಾಕ್ಕೋ ಮಾಂಟೆನೆಗ್ರೊಕ್ಕೋ ಕಾಲಿಟ್ಟ ಕ್ಷಣ ನಿಮ್ಮ ಶೆಂಗೆನ್ ಪ್ರವೇಶ ಮುಗಿಯಿತು. ದಿನಗಳು ಬಾಕಿ ಇದ್ದರೂ ದುಬ್ರೋವ್ನಿಕ್‌ಗೆ ವಾಪಸು ಬರಲಾಗದು, ಹೋಟೆಲ್‌ನಲ್ಲಿ ಬಿಟ್ಟ ಸಾಮಾನೂ ಅಲ್ಲೇ. "ಬಹುಪ್ರವೇಶ" ಎಂದಿದ್ದರೆ ಲಾಭ ಎರಡು ಕಡೆ: ವಾಪಸು ಬರಬಹುದು, ಜತೆಗೆ ಬೋಸ್ನಿಯಾ ಕೂಡ ಬಹುಪ್ರವೇಶ ಶೆಂಗೆನ್ ವೀಸಾ ಇದ್ದವರನ್ನು ಬೇರೆ ವೀಸಾ ಕೇಳದೆ 30 ದಿನದ ಮಟ್ಟಿಗೆ ಒಳಬಿಡುತ್ತದೆ. ಮಾಂಟೆನೆಗ್ರೊ, ಸರ್ಬಿಯಾಗಳಲ್ಲೂ ಚಾಲ್ತಿಯಲ್ಲಿರುವ ಶೆಂಗೆನ್ ವೀಸಾಕ್ಕೆ ಇಂಥ ರಿಯಾಯಿತಿ ಇದೆ. ಈ ರಿಯಾಯಿತಿಗಳು ಆಯಾ ಸರ್ಕಾರಗಳು ಕೊಟ್ಟವು, ಯಾವಾಗ ಬೇಕಾದರೂ ಬದಲಾಗಬಹುದು. ಹೊರಡುವ ವಾರ ಆಯಾ ದೇಶದ ವಿದೇಶಾಂಗ ಸಚಿವಾಲಯದ ಪುಟ ನೋಡಿ. ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೆ ನಿವಾಸ ಪರವಾನಗಿಯ ಕಾರ್ಡು ಇರುವುದರಿಂದ ಪ್ರವೇಶ ಸಂಖ್ಯೆಯ ತಲೆನೋವು ಇಲ್ಲ. ಕಾರ್ಡು ಮತ್ತು ಪಾಸ್‌ಪೋರ್ಟು ಎರಡೂ ಜತೆಗಿರಬೇಕು.

2025ರ ಅಕ್ಟೋಬರ್‌ನಿಂದ ಶೆಂಗೆನ್ ಹೊರಗಡಿಗಳಲ್ಲಿ ಅಲ್ಪಾವಧಿ ಪ್ರವಾಸಿಗಳ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕಾಲದಲ್ಲಿ ಒಂದೆರಡು ದಿನ ಆಚೀಚೆಯಾದರೆ ಕಣ್ಣುತಪ್ಪುತ್ತಿತ್ತು. ಈಗ ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದೆಂಬ ಲೆಕ್ಕವನ್ನು ಕಂಪ್ಯೂಟರೇ ಇಡುತ್ತದೆ.

ನೆಉಮ್: ಮೂರು ಶತಮಾನ ಹಳೆಯ ತುಂಡು

ಸ್ಪ್ಲಿಟ್‌ನಿಂದ ದುಬ್ರೋವ್ನಿಕ್‌ಗೆ ಕರಾವಳಿ ಹಿಡಿದು ಹೋದರೆ ನಡುವೆ ಬೋಸ್ನಿಯಾ ಸಮುದ್ರ ಮುಟ್ಟುವ ಚೂರೊಂದು ಸಿಗುತ್ತದೆ. ಅದೇ ನೆಉಮ್. ತೀರದ ಅಂಕುಡೊಂಕು ಸೇರಿಸಿ ಸುಮಾರು 20 ಕಿ.ಮೀ., ರಸ್ತೆಯಲ್ಲಿ ಹತ್ತು ಕಿ.ಮೀ.ಗೂ ಕಡಿಮೆ. ವೆನಿಸ್‌ನವರು ನೆಲದ ದಾರಿಯಲ್ಲಿ ಮೇಲೆ ಬೀಳಬಾರದೆಂದು ದುಬ್ರೋವ್ನಿಕ್ ಗಣರಾಜ್ಯವು ತನ್ನ ಗಡಿಯ ಚೂರನ್ನು ಆಟೊಮನ್ ತುರ್ಕರಿಗೆ ಬಿಟ್ಟುಕೊಟ್ಟಿತು. 1699ರ ಕಾರ್ಲೊವಿಟ್ಸ್ ಒಪ್ಪಂದದಲ್ಲಿ ಅದು ಗಟ್ಟಿಯಾಯಿತು. ಸಾಮ್ರಾಜ್ಯಗಳು ಹೋದವು, ಆ ಗೆರೆ ಯುಗೊಸ್ಲಾವಿಯಾದೊಳಗೂ ಉಳಿದು, 1991ರ ನಂತರ ಅಂತರರಾಷ್ಟ್ರೀಯ ಗಡಿಯಾಯಿತು. ದುಬ್ರೋವ್ನಿಕ್ ಸುತ್ತಲ ಪ್ರದೇಶ ಸ್ವಂತ ದೇಶದಿಂದ ನೆಲದ ಮೇಲೆ ಕತ್ತರಿಸಿಹೋಯಿತು.

2022ರ ಜುಲೈ 26ರಂದು ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಈ ಕಿರಿಕಿರಿ ತಪ್ಪಿದೆ. ಉದ್ದ 2,404 ಮೀಟರ್. ಬೋಸ್ನಿಯಾಕ್ಕೆ ಹೋಗುವ ಹಡಗುಗಳು ಕೆಳಗೆ ಹಾಯಲೆಂದು 55 ಮೀಟರ್ ಎತ್ತರ ಬಿಟ್ಟಿದ್ದಾರೆ. ಕಟ್ಟಿದ್ದು ಚೀನಾದ ಕಂಪನಿ, ಖರ್ಚಿನ ದೊಡ್ಡ ಪಾಲು ಯುರೋಪಿಯನ್ ಒಕ್ಕೂಟದ್ದು, ದಾಟಲು ಟೋಲ್ ಇಲ್ಲ. ಮುಖ್ಯಭೂಮಿಯ ಕೊಮಾರ್ನಾದಲ್ಲಿ ಹತ್ತಿ, ಪೆಲ್ಯೆಶಾತ್ಸ್ ಪರ್ಯಾಯದ್ವೀಪದ ಬ್ರಿಯೆಸ್ತಾ ಬಳಿ ಇಳಿದು, ಸ್ತೊನ್ ಮೂಲಕ ಮತ್ತೆ ಕರಾವಳಿ ರಸ್ತೆ ಸೇರುತ್ತೀರಿ. ಎಡವುವುದು ಇಲ್ಲಿ: ಫೋನಿನ ನಕ್ಷೆ ಕೆಲವೊಮ್ಮೆ ನೆಉಮ್ ದಾರಿಯನ್ನೇ ಕಡಿಮೆ ದೂರವೆಂದು ತೋರಿಸುತ್ತದೆ. ಗುರಿಯನ್ನು "ದುಬ್ರೋವ್ನಿಕ್" ಎಂದು ಮಾತ್ರ ಕೊಡದೆ ನಡುವೆ ಸ್ತೊನ್ ಸೇರಿಸಿ. ಬಸ್ಸಿನವರಾದರೆ ಟಿಕೆಟ್ ಕೊಳ್ಳುವಾಗಲೇ ಸೇತುವೆ ದಾರಿಯೋ ನೆಉಮ್ ದಾರಿಯೋ ಕೇಳಿ. ಏಕಪ್ರವೇಶ ವೀಸಾದವರಿಗೆ ಈ ಒಂದು ಪ್ರಶ್ನೆಯ ಬೆಲೆ ಇಡೀ ಪ್ರವಾಸ.

ಸ್ತೊನ್‌ನಲ್ಲಿ ಒಂದೆರಡು ಗಂಟೆ ನಿಲ್ಲುವುದು ಒಳ್ಳೆಯದು. ಐದೂವರೆ ಕಿ.ಮೀ. ಉದ್ದದ ಕಲ್ಲಿನ ಗೋಡೆ, ಇಂದಿಗೂ ಉಪ್ಪು ತೆಗೆಯುವ ಗದ್ದೆಗಳು. ದುಬ್ರೋವ್ನಿಕ್ ಗಣರಾಜ್ಯ ಆ ಗೋಡೆ ಕಟ್ಟಿದ್ದೇ ಈ ಉಪ್ಪಿಗಾಗಿ ಮತ್ತು ಪರ್ಯಾಯದ್ವೀಪದ ಕೊರಳು ಕಾಯಲು.

ಗಾಳಿ

ಹೆಚ್ಚಿನ ಮಾರ್ಗದರ್ಶಿಗಳು ಎರಡು ಸಾಲಿನಲ್ಲಿ ಮುಗಿಸುವ ಈ ವಿಷಯವೇ ಕ್ರೊಯೇಷಿಯಾ ಕರಾವಳಿಯ ದಿನಚರಿಯನ್ನು ಆಳುವುದು.

ಬುರಾ ಎಂಬುದು ಈಶಾನ್ಯದ ಗಾಳಿ. ಒಳನಾಡಿನಲ್ಲಿ ತಣ್ಣಗಿನ, ಭಾರವಾದ ಗಾಳಿ ಬೆಟ್ಟದ ಬೆನ್ನಿಗೆ ಶೇಖರವಾಗಿ, ತುಂಬಿದ ಮೇಲೆ ಕಣಿವೆಗಳ ಬಾಯಿಂದ ಸಮುದ್ರಕ್ಕೆ ಧುಮುಕುತ್ತದೆ. ಸಮನಾಗಿ ಬೀಸದೆ ಹೊಡೆತಹೊಡೆತವಾಗಿ ಬರುತ್ತದೆ. ವೆಲೆಬಿಟ್ ಬೆಟ್ಟ ಸುಮಾರು 145 ಕಿ.ಮೀ. ಉದ್ದಕ್ಕೂ ಕಡಲಿಗೆ ಅಂಟಿಕೊಂಡೇ ನಿಂತಿರುವುದರಿಂದ ಸೆನ್ಯ್ ಪಟ್ಟಣದಿಂದ ಮಾಸ್ಲೆನಿತ್ಸಾ ಸೇತುವೆಯವರೆಗಿನ ತೀರದಲ್ಲಿ ಇದರ ಅಬ್ಬರ ವಿಪರೀತ. ಗಂಟೆಗೆ 200 ಕಿ.ಮೀ. ಮೀರಿದ ಹೊಡೆತಗಳು ಅಲ್ಲಿ ದಾಖಲಾಗಿವೆ. ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲೂ ಒಂದೆರಡು ದಿನ ಬರುವುದುಂಟು. ಬುರಾ ಬರುವ ಮುನ್ನ ವೆಲೆಬಿಟ್ ನೆತ್ತಿಯ ಮೇಲೆ ಬಿಳಿ ಮೋಡದ ಪಟ್ಟಿ ಟೊಪ್ಪಿಯಂತೆ ಕೂರುತ್ತದೆ, ಕೆಳಗೆ ಆಕಾಶ ತಿಳಿಯಾಗಿಯೇ ಇರುತ್ತದೆ. ಬಿಸಿಲಿದೆಯಲ್ಲ ಎಂದು ಬಾಡಿಗೆ ದೋಣಿ ಹತ್ತಿ ಪೇಚಿಗೆ ಸಿಕ್ಕುವವರು ಇಂಥ ದಿನವೇ ಸಿಕ್ಕುತ್ತಾರೆ.

ಪಾಗ್ ದ್ವೀಪವನ್ನು ನೋಡಿದರೆ ಬುರಾ ಏನು ಮಾಡಬಲ್ಲದು ಎಂದು ಗೊತ್ತಾಗುತ್ತದೆ. ವೆಲೆಬಿಟ್ ಕಡೆ ಮುಖಮಾಡಿದ ಬದಿ ಬೋಳು ಕಲ್ಲು, ಹುಲ್ಲುಕಡ್ಡಿಯೂ ಕಷ್ಟ. ಗಾಳಿ ಹೊತ್ತು ತಂದ ಉಪ್ಪಿನ ಹನಿ ಗಿಡ ಏಳಗೊಡುವುದಿಲ್ಲ. ಮರೆಯಲ್ಲಿ ಬದುಕುಳಿದ ಉಪ್ಪುಪ್ಪಾದ ಸೊಪ್ಪು ತಿಂದ ಕುರಿಗಳ ಹಾಲಿನಿಂದ ಪಾಗ್‌ನ ಹೆಸರುವಾಸಿ ಚೀಸ್ ಆಗುತ್ತದೆ.

ಯೂಗೊ ಆಗ್ನೇಯದ್ದು: ತೇವ, ಮೋಡ, ನಿಧಾನವಾಗಿ ಎರಡು ಮೂರು ದಿನ ಬೆಳೆಯುವ ಅಲೆ. ಇದರ ಹಾವಳಿ ದಕ್ಷಿಣದ ತೆರೆದ ದ್ವೀಪಗಳಿಗೆ ಹೆಚ್ಚು. ವಿಸ್ ದ್ವೀಪದ ಪಕ್ಕದ ಬಿಶೆವೊ ನೀಲಿಗುಹೆಯ ಬಾಯಿ ಬಹಳ ತಗ್ಗು, ಯೂಗೊ ಬೀಸಿದ ದಿನ ದೋಣಿ ಒಳಹೋಗಲಾಗದು. ಮೂರನೆಯದು ಮಾಯೆಸ್ತ್ರಾಲ್, ಬೇಸಿಗೆಯ ಮಧ್ಯಾಹ್ನದ ವಾಯವ್ಯ ತಂಗಾಳಿ, ಹಾಯಿದೋಣಿಯವರ ಗೆಳೆಯ. ಸಣ್ಣ ಮಕ್ಕಳ ಜತೆ ದೋಣಿ ಹತ್ತುವುದಿದ್ದರೆ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ಮೇಲೆ ಅಲೆ ಕುಲುಕುತ್ತದೆ.

ಗಾಳಿ ಜೋರಾದಾಗ ಮೊದಲು ರದ್ದಾಗುವುದು ಕ್ಯಾಟಮರಾನ್, ಅಂದರೆ ಕಾರು ಹಾಕಿಕೊಳ್ಳದ ವೇಗದ ದೋಣಿ. ದೊಡ್ಡ ಕಾರ್ ಫೆರ್ರಿ ಆಮೇಲೂ ಸ್ವಲ್ಪ ಹೊತ್ತು ಓಡುತ್ತದೆ. ರಸ್ತೆಯಲ್ಲೂ ಹಾಗೇ ಎರಡು ಹಂತ. ಮೊದಲು ಬೈಕು, ಕ್ಯಾರವಾನ್, ಎತ್ತರದ ವಾಹನ ನಿಲ್ಲಿಸುತ್ತಾರೆ. ಬುರಾ ಹೆಚ್ಚಿದರೆ ರಾಜಧಾನಿ ಜಾಗ್ರೆಬ್‌ನಿಂದ ಕರಾವಳಿಗಿಳಿಯುವ ಎ1 ಹೆದ್ದಾರಿಯಲ್ಲಿ, ವೆಲೆಬಿಟ್ ಕೆಳಗೆ ಹಾಯುವ ಸ್ವೇತಿ ರೋಕ್ ಸುರಂಗದಿಂದ ಕಡಲಿನ ಕಡೆಯ ಭಾಗ ಎಲ್ಲರಿಗೂ ಬಂದ್. ಹಾಗಾಗಿ ವಾಪಸು ವಿಮಾನದ ಹಿಂದಿನ ರಾತ್ರಿಯನ್ನು ದ್ವೀಪದಲ್ಲಿ ಕಳೆಯಬೇಡಿ.

ಯಾವ ಭಾಗ ಯಾರಿಗೆ

ಇಸ್ಟ್ರಿಯಾ ವಾಯವ್ಯದ ತ್ರಿಕೋನ. ಬೆಟ್ಟ ಇಲ್ಲಿ ಪೂರ್ವದಂಚಿಗೆ ಸರಿದಿದೆ (ಊಚ್ಕಾ, ಸುಮಾರು 1,400 ಮೀಟರ್), ಪಶ್ಚಿಮವೆಲ್ಲ ತಗ್ಗಾದ ಕೆಂಪುಮಣ್ಣಿನ ನೆಲ, ದ್ರಾಕ್ಷಿ, ಆಲಿವ್. ರಸ್ತೆ ಸುಲಭ, ಬುರಾ ಮೆದು, ವಯಸ್ಸಾದ ತಂದೆತಾಯಿಯರ ಜತೆ ಹೋಗುವವರಿಗೆ ಇದಕ್ಕಿಂತ ಆರಾಮದ ಭಾಗ ಇಲ್ಲ. ಪುಲಾದಲ್ಲಿ ರೋಮನ್ ಬಯಲುರಂಗ, ಬೋರ್ಡುಗಳು ಕ್ರೊಯೇಷಿಯನ್ ಮತ್ತು ಇಟಾಲಿಯನ್ ಎರಡರಲ್ಲೂ. ಎರಡು ತೊಡಕಿವೆ. ಪುಲಾದ ರೈಲುಹಳಿ ಉತ್ತರಕ್ಕೆ ಸ್ಲೊವೇನಿಯಾ ಜಾಲಕ್ಕೆ ಸೇರುತ್ತದೆಯೇ ಹೊರತು ಜಾಗ್ರೆಬ್‌ಗೆ ನೇರವಾಗಿ ಜೋಡಿಸಿಲ್ಲ, ಆದ್ದರಿಂದ ಬಸ್ಸೇ ಗತಿ. ಇಟಲಿಯ ತ್ರಿಯೆಸ್ತೆಯಿಂದ ಕಾರಲ್ಲಿ ಬರುವವರು ನಡುವೆ ಸ್ಲೊವೇನಿಯಾದ ಪುಟ್ಟ ತುಂಡು ದಾಟಬೇಕು. ಅಲ್ಲಿನ ಹೆದ್ದಾರಿ ಹತ್ತಿದರೆ ಇ-ವಿನ್ಯೆಟ್ ಎಂಬ ಆನ್‌ಲೈನ್ ರಸ್ತೆ ಶುಲ್ಕ ಮೊದಲೇ ಕಟ್ಟಿರಬೇಕು. ಹತ್ತಿಪ್ಪತ್ತು ಕಿಲೋಮೀಟರಿಗೆ ಯಾಕೆ ಎಂದು ಬಿಟ್ಟವರಿಗೆ ಬೀಳುವ ದಂಡ ಮುನ್ನೂರು ಯೂರೊದಿಂದ ಶುರು. ಇಸ್ಟ್ರಿಯಾದಿಂದ ದುಬ್ರೋವ್ನಿಕ್ ಒಂದೇ ಪ್ರವಾಸದಲ್ಲಿ ಬೇಡವೇ ಬೇಡ, ಅದು ಇಡೀ ದಿನದ ರಸ್ತೆ.

ಕ್ವಾರ್ನೆರ್ ಎಂದರೆ ರಿಯೇಕಾ ಬಂದರಿನ ಸುತ್ತಲ ಕೊಲ್ಲಿ. ಕ್ರ್ಕ್ ದ್ವೀಪಕ್ಕೆ 1980ರಿಂದ ಸೇತುವೆ ಇದೆ, 2020ರಲ್ಲಿ ಟೋಲೂ ತೆಗೆದರು. ರಿಯೇಕಾದ ವಿಮಾನ ನಿಲ್ದಾಣ ಇರುವುದೇ ಆ ದ್ವೀಪದಲ್ಲಿ. ಫೆರ್ರಿಯ ರಗಳೆಯಿಲ್ಲದೆ ದ್ವೀಪ ಬೇಕೆನ್ನುವವರಿಗೆ ಸರಿ. ಪಕ್ಕದ ತ್ಸ್ರೆಸ್ ದ್ವೀಪದ ವ್ರಾನಾ ಸರೋವರ ನೋಡಲೇಬೇಕಾದ ವಿಚಿತ್ರ: ಉಪ್ಪುಸಮುದ್ರದ ನಡುವಿನ ದ್ವೀಪದಲ್ಲಿ 70 ಮೀಟರಿಗೂ ಆಳದ ಸಿಹಿನೀರು, ತಳ ಸಮುದ್ರಮಟ್ಟಕ್ಕಿಂತ ಕೆಳಗೆ. ಸುತ್ತಲ ದ್ವೀಪದವರ ಕುಡಿಯುವ ನೀರು ಅದೇ ಆದ್ದರಿಂದ ಈಜು ನಿಷಿದ್ಧ, ರಸ್ತೆಯ ಮೇಲಿಂದ ನೋಡಿ ಬರಬೇಕು. ಚಳಿಗಾಲದಲ್ಲಿ ಈ ಭಾಗ ಬುರಾದ ಪಾಲು.

ಜಾದರ್. ಮೊದಲ ಬಾರಿ ಹೋಗುವ, ಐದಾರು ದಿನ ಮಾತ್ರ ಇರುವವರಿಗೆ ನಮ್ಮ ಮತ ದುಬ್ರೋವ್ನಿಕ್‌ಗಿಂತ ಈ ಊರಿಗೇ. ಕಾರಣ ನೆಲದ ರಚನೆಯಲ್ಲೇ ಇದೆ. ಇಲ್ಲಿ ಬೆಟ್ಟ ಕಡಲಿಂದ ಹಿಂದೆ ಸರಿದು ರಾವ್ನಿ ಕೋತಾರಿ ಎಂಬ ಸಪಾಟು ನೆಲ ಬಿಟ್ಟಿದೆ, ಎ1 ಹೆದ್ದಾರಿ ಹತ್ತಿರ, ವಿಮಾನ ನಿಲ್ದಾಣ ಹತ್ತಿರ. ಒಂದೇ ಕೋಣೆ ಹಿಡಿದುಕೊಂಡು ಪ್ರತಿದಿನ ಒಂದೊಂದು ದಿಕ್ಕಿಗೆ ಹೋಗಿಬರಬಹುದು: ವೆಲೆಬಿಟ್‌ನ ಕಡಿದಾದ ಪಾಕ್ಲೆನಿತ್ಸಾ ಕಮರಿ, ಕ್ರ್ಕಾ ನದಿಯ ಜಲಪಾತಗಳು, ದೋಣಿಯಲ್ಲಿ ಕೊರ್ನಾತಿ ದ್ವೀಪಸ್ತೋಮ, ಎರಡು ಗಂಟೆಯ ದಾರಿಯಲ್ಲಿ ಪ್ಲಿಟ್ವಿತ್ಸೆ. ಎದುರಿನ ಉಗ್ಲ್ಯಾನ್ ದ್ವೀಪಕ್ಕೆ ಫೆರ್ರಿ ಅರ್ಧ ಗಂಟೆಯೂ ಇಲ್ಲ. ಜಾದರ್‌ಗೆ ರೈಲು ಹಿಡಿದು ಬರುವ ಯೋಚನೆ ಮಾತ್ರ ಬಿಡಿ, ಜಾಗ್ರೆಬ್‌ನಿಂದ ಬಸ್ ಮೂರೂವರೆ ಗಂಟೆ ಆಸುಪಾಸು.

ಸ್ಪ್ಲಿಟ್ ದ್ವೀಪಗಳ ಹೆಬ್ಬಾಗಿಲು. ಫೆರ್ರಿ, ರೈಲು, ಬಸ್ ನಿಲ್ದಾಣಗಳು ಒಂದಕ್ಕೊಂದು ನಡಿಗೆಯ ದೂರದಲ್ಲಿವೆ, ರೋಮನ್ ಚಕ್ರವರ್ತಿ ಡಯೊಕ್ಲೀಶಿಯನ್‌ನ ಅರಮನೆಯೂ ಅಲ್ಲೇ. ಕಾರಿಲ್ಲದವರು ಬೇರೆ ಯೋಚಿಸದೆ ಇಲ್ಲಿಳಿಯಲಿ. ದಕ್ಷಿಣಕ್ಕೆ ಮಾಕಾರ್ಸ್ಕಾ ತೀರ: 1,762 ಮೀಟರಿನ ಸ್ವೇತಿ ಯೂರೆ ಶಿಖರ ಹೊತ್ತ ಬಿಯೊಕೊವೊ ಬೆಟ್ಟ ಕೆಲವೇ ಕಿಲೋಮೀಟರಿನಲ್ಲಿ ನೀರಿಗಿಳಿಯುತ್ತದೆ. ಹರಳುಗಲ್ಲಿನ ಬೀಚುಗಳಲ್ಲಿ ಇಲ್ಲಿನವು ಉದ್ದವಾದವು, ಆದರೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಸ್ಪ್ಲಿಟ್‌ನಿಂದ ಬೋಸ್ನಿಯಾದ ಮೊಸ್ತಾರ್‌ಗೆ ಹೋಗಿಬರುವುದು ಒಂದು ದಿನದ ಕೆಲಸ, ಮೇಲೆ ಹೇಳಿದ ವೀಸಾ ಲೆಕ್ಕ ನೆನಪಿರಲಿ. ಬೋಸ್ನಿಯಾದ ಬೆಟ್ಟಗಳಲ್ಲಿ ಯುದ್ಧಕಾಲದ ನೆಲಬಾಂಬ್ ಇರುವ ಪ್ರದೇಶಗಳು ಇನ್ನೂ ಉಳಿದಿವೆ. ಗುರುತು ಹಾಕಿದ ದಾರಿ ಬಿಟ್ಟು ಕಾಲಿಡಬೇಡಿ.

ದುಬ್ರೋವ್ನಿಕ್ ನೋಡದೆ ಬರಬೇಡಿ ಎಂದು ಹೇಳುವವರ ಮಾತು ತಳ್ಳಿಹಾಕುವಂತಿಲ್ಲ. ಆದರೆ ಬೀಡುಬಿಡಲು ದುಬಾರಿ, ಕಿರಿದು. ನಗರದ ಬೆನ್ನಿಗೆ 412 ಮೀಟರಿನ ಸ್ರ್ಜ್ ಗುಡ್ಡ, ಅದರಾಚೆ ಹತ್ತು ಕಿ.ಮೀ. ಒಳಗೇ ಬೋಸ್ನಿಯಾ ಗಡಿ. ಅಂದರೆ ದಿನಪ್ರವಾಸಕ್ಕೆ ದೇಶದೊಳಗೆ ಒಳನಾಡೇ ಇಲ್ಲ. ಹೋಗುವುದಿದ್ದರೆ ಮಾಂಟೆನೆಗ್ರೊದ ಕೊತೊರ್, ಬೋಸ್ನಿಯಾದ ತ್ರೆಬಿನ್ಯೆ ಅಥವಾ ಮೊಸ್ತಾರ್, ಎಲ್ಲವೂ ಶೆಂಗೆನ್ ಹೊರಗೆ. ಬಹುಪ್ರವೇಶ ವೀಸಾ ಇದ್ದವರಿಗೆ ಇದು ಮೂರು ದೇಶದ ಕೂಡುದಾರಿ, ಏಕಪ್ರವೇಶದವರಿಗೆ ಮುಚ್ಚಿದ ಓಣಿ. ಹೆದ್ದಾರಿ ಪ್ಲೋಚೆ ಹತ್ತಿರವೇ ಮುಗಿಯುತ್ತದೆ, ರೈಲಿಲ್ಲ. ಸ್ಪ್ಲಿಟ್‌ನಿಂದ ಸುಮಾರು 230 ಕಿ.ಮೀ.ಗೆ ಮೂರು ಗಂಟೆ ಹಿಡಿಯಿರಿ. ಎರಡು ರಾತ್ರಿ ಸಾಕು, ಮತ್ತು ಅದನ್ನು ಪ್ರವಾಸದ ಒಂದು ತುದಿಗೆ ಇಡಿ: ಜಾಗ್ರೆಬ್‌ಗೆ ಬಂದಿಳಿದು ದುಬ್ರೋವ್ನಿಕ್‌ನಿಂದ ವಿಮಾನ ಹತ್ತುವಂತೆ. ಬಂದ ದಾರಿಯಲ್ಲೇ ಮರಳಿದರೆ ಒಂದು ದಿನ ಸುಮ್ಮನೆ ಹೋಯಿತು.

ಒಳನಾಡನ್ನು ನಮ್ಮವರು ಪ್ಲಿಟ್ವಿತ್ಸೆಗೆ ಮಾತ್ರ ಮುಟ್ಟುತ್ತಾರೆ. 16 ಸರೋವರಗಳು ಒಂದರ ಕೆಳಗೊಂದು. ನೀರಿನಲ್ಲಿ ಕರಗಿದ ಸುಣ್ಣ ಪಾಚಿಯ ಮೇಲೆ ಕೂತು ಕಲ್ಲಾಗಿ, ಆ ಕಲ್ಲೇ ಅಣೆಕಟ್ಟಾಗಿ ಬೆಳೆಯುತ್ತಿದೆ. ಈ ಕಾರಣಕ್ಕೇ ನೀರಿಗಿಳಿಯಲು ಬಿಡುವುದಿಲ್ಲ, ಕ್ರ್ಕಾದ ಸ್ಕ್ರಾದಿನ್ಸ್ಕಿ ಬುಕ್‌ನಲ್ಲೂ 2021ರಿಂದ ಈಜು ನಿಂತಿದೆ. ಟಿಕೆಟ್‌ಗೆ ಸಮಯ ನಿಗದಿ ಇರುತ್ತದೆ, ಬೇಸಿಗೆಯಲ್ಲಿ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದಿಡಿ. ಎತ್ತರ 500ರಿಂದ 640 ಮೀಟರ್, ಕರಾವಳಿಯಲ್ಲಿ ಸೆಖೆಯಿದ್ದರೂ ಇಲ್ಲಿ ಬೆಳಿಗ್ಗೆ ಸ್ವೆಟರ್ ಬೇಕಾದೀತು. ಪೂರ್ವದ ಸ್ಲಾವೋನಿಯಾ ಬಯಲು, ಒಸಿಯೆಕ್ ಬಳಿಯ ಕೊಪಾಚ್ಕಿ ರಿತ್ ಜೌಗು, ಡ್ಯಾನ್ಯೂಬ್ ದಡದ ಇಲೊಕ್ ದ್ರಾಕ್ಷಿತೋಟಗಳು ಹಕ್ಕಿ ನೋಡುವವರಿಗೆ ಮತ್ತು ಸೈಕಲ್ಲಿನವರಿಗೆ. ಡ್ಯಾನ್ಯೂಬ್ ತನ್ನ ಪಾತ್ರ ಬದಲಿಸಿದ್ದರಿಂದ ಸರ್ಬಿಯಾ ಜತೆಗಿನ ಗೆರೆ ಎಲ್ಲೆಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ಹಳೆಯ ಭೂದಾಖಲೆಯಂತೆ ಎಂದು ಕ್ರೊಯೇಷಿಯಾ, ಈಗಿನ ನದಿಯ ನಡುಗೆರೆ ಎಂದು ಸರ್ಬಿಯಾ.

ದ್ವೀಪ ಆರಿಸುವಾಗ

ದ್ವೀಪಗಳನ್ನು ಅಂದದಿಂದ ಹೋಲಿಸಿದರೆ ತೀರ್ಮಾನವೇ ಆಗದು, ದಾಟುವ ದೂರದಿಂದ ಹೋಲಿಸಿ. ಸ್ಪ್ಲಿಟ್‌ನಿಂದ ಬ್ರಾಚ್ 50 ನಿಮಿಷ, ಹ್ವಾರ್‌ನ ಸ್ತಾರಿ ಗ್ರಾದ್ ಎರಡು ಗಂಟೆ, ವಿಸ್ ಎರಡು ಗಂಟೆ ಮೀರಿ. ದೂರ ಹೆಚ್ಚಿದಂತೆ ದೋಣಿ ಕಡಿಮೆ, ರದ್ದಾದರೆ ಅಪಾಯ ಹೆಚ್ಚು, ಜನಜಂಗುಳಿ ಕಡಿಮೆ. ವಿಸ್ 1989ರವರೆಗೆ ಸೇನಾ ದ್ವೀಪವಾಗಿ ವಿದೇಶಿಯರಿಗೆ ಮುಚ್ಚಿತ್ತು, ದೊಡ್ಡ ಹೋಟೆಲುಗಳು ಅಲ್ಲಿ ವಿರಳವಾಗಿರಲು ಅದೂ ಕಾರಣ. ಹ್ವಾರ್‌ಗೆ ಮುಖ್ಯಭೂಮಿಯ ದ್ರ್ವೆನಿಕ್‌ನಿಂದ ಸುಚುರಾಯ್‌ಗೆ ಅರ್ಧ ಗಂಟೆಯ ಅಗ್ಗದ ಫೆರ್ರಿ ಇದೆಯೆಂದು ಕಾರಿನವರು ಆಸೆಪಡುತ್ತಾರೆ. ದ್ವೀಪ 68 ಕಿ.ಮೀ. ಉದ್ದ, ಸುಚುರಾಯ್ ಒಂದು ತುದಿ, ಹ್ವಾರ್ ಪಟ್ಟಣ ಇನ್ನೊಂದು ತುದಿ. ಕಿರಿದಾದ ತಿರುವುರಸ್ತೆಯಲ್ಲಿ ಉಳಿಸಿದ ಸಮಯವೆಲ್ಲ ಕರಗುತ್ತದೆ. ಕೊರ್ಚುಲಾ ಬೇಕಿದ್ದರೆ ಪೆಲ್ಯೆಶಾತ್ಸ್‌ನ ಒರೆಬಿಚ್‌ನಿಂದ ದಾಟಿ, ಹದಿನೈದಿಪ್ಪತ್ತು ನಿಮಿಷ, ಸೇತುವೆ ಬಂದ ಮೇಲೆ ಈ ದಾರಿಯೇ ಸಲೀಸು.

ಸ್ಥಳೀಯ ಕಾರ್ ಫೆರ್ರಿಗಳ ಬಹುತೇಕ ಮಾರ್ಗಗಳಲ್ಲಿ ಟಿಕೆಟ್ ಎಂದರೆ ಜಾಗ ಕಾದಿರಿಸಿದಂತೆ ಅಲ್ಲ. ಟಿಕೆಟ್ ಆ ದಿನಕ್ಕೆ, ದೋಣಿಗೆ ಹತ್ತುವುದು ಸಾಲಿನ ಕ್ರಮದಲ್ಲಿ. ಜುಲೈ, ಆಗಸ್ಟ್ ಶನಿವಾರಗಳಲ್ಲಿ ಒಂದೂವರೆ, ಎರಡು ಗಂಟೆ ಮುಂಚೆ ಸಾಲಿಗೆ ಕಾರು ನಿಲ್ಲಿಸಿ. ಕಾರಿಲ್ಲದೆ ನಡೆದು ಹತ್ತುವವರಿಗೆ ಜಾಗ ಸಾಮಾನ್ಯವಾಗಿ ಸಿಗುತ್ತದೆ. ಕ್ಯಾಟಮರಾನ್ ಹಾಗಲ್ಲ, ಸೀಟು ಎಣಿಕೆಯದು, ಮುಂಚೆ ಕೊಳ್ಳಬೇಕು. ಬಾಡಿಗೆ ಕಾರಾದರೆ ಕರಾರಿನಲ್ಲಿ ಎರಡು ಸಾಲು ಹುಡುಕಿ: ಫೆರ್ರಿಯಲ್ಲಿ ಸಾಗಿಸಲು ಅನುಮತಿ ಇದೆಯೇ, ಬೋಸ್ನಿಯಾ ಅಥವಾ ಮಾಂಟೆನೆಗ್ರೊಕ್ಕೆ ಒಯ್ಯಲು ಗ್ರೀನ್ ಕಾರ್ಡ್ (ಗಡಿಯಾಚೆಗೂ ವಿಮೆ ಇದೆಯೆಂಬ ಕಾಗದ) ಕೊಡುತ್ತಾರೆಯೇ. ಹೇಳದೆ ಗಡಿ ದಾಟಿಸಿದರೆ ವಿಮೆ ಇಲ್ಲ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ನಡೆಯುತ್ತದೆ, ಊರಿನ ಮೂಲ ಲೈಸೆನ್ಸ್ ಜತೆಗೆ ತೋರಿಸಬೇಕು.

ಕಾಲದ ವಿಷಯಕ್ಕೆ ಬಂದರೆ, ಕರಾವಳಿಯ ಮಳೆ ನಮ್ಮದಕ್ಕೆ ತಿರುವುಮುರುವು. ಬೇಸಿಗೆ ಒಣ, ಕಾಳ್ಗಿಚ್ಚಿನ ಭಯ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮಳೆ. ಸಮುದ್ರ ಆಗಸ್ಟ್‌ನಲ್ಲಿ 24-26 ಡಿಗ್ರಿ, ಸೆಪ್ಟೆಂಬರ್‌ನಲ್ಲೂ ಬೆಚ್ಚಗೇ ಉಳಿದಿರುತ್ತದೆ, ಏಪ್ರಿಲ್‌ನಲ್ಲಿ 15ರ ಆಸುಪಾಸು. ಏಪ್ರಿಲ್-ಮೇ ಶಾಲಾ ರಜೆಗೆ ಊರಿಂದ ಹೊರಡುವ ಕುಟುಂಬಗಳು ಈಜಿನ ಆಸೆ ಬಿಟ್ಟು ಸರೋವರ, ಜಲಪಾತ, ಕೋಟೆಗಳ ದಾರಿ ಹಿಡಿಯಲಿ. ಹಿಮ ಕರಗಿದ ನೀರಿನಿಂದ ಪ್ಲಿಟ್ವಿತ್ಸೆ, ಕ್ರ್ಕಾ ಎರಡೂ ಆಗಲೇ ತುಂಬಿ ಹರಿಯುವುದು. ಈಜೇ ಮುಖ್ಯವಾದರೆ ಸೆಪ್ಟೆಂಬರ್ ಮೊದಲ ಮೂರು ವಾರ. ಅಕ್ಟೋಬರ್ ಬಂದರೆ ಕ್ಯಾಟಮರಾನ್ ವೇಳಾಪಟ್ಟಿ ಚಳಿಗಾಲದ್ದಾಗುತ್ತದೆ, ಕೆಲವು ದ್ವೀಪಗಳಿಗೆ ಬೆಳಿಗ್ಗೆ ಹೊರಡುವ ದೋಣಿಯೊಂದೇ ಉಳಿಯುತ್ತದೆ. ಆಗ ಹೋಗುವವರು ಮೊದಲು ದೋಣಿಯ ಸಮಯ ನೋಡಿ, ಆಮೇಲೆ ಕೋಣೆ ಬುಕ್ ಮಾಡಬೇಕು.